ಇದು ಯಾವ ತಿಂಗಳ ಹುಲ್ಲು?

ದೀಪಾವಳಿ ಮುಗಿದು ನಾಲ್ಕು ದಿನ ಆಗಿತ್ತು. ಶಿರಸಿ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ. ಒಂದು ಸಣ್ಣ ಅನಿಮೇಶನ್ ಕೆಲಸ. ಮಲೆನಾಡಿನ ಒಂದು ಗುಡ್ಡ, ನೆತ್ತಿಯ ಮೇಲೆ ಒಂದು ಮರ, ಸುತ್ತ ಹುಲ್ಲು, ಬೆಳಗಿನ ಬಿಸಿಲು. ಅಷ್ಟೇ ದೃಶ್ಯ. ಮರ ಎರಡು ದಿನದಲ್ಲಿ ಮುಗಿದಿತ್ತು. ಹುಲ್ಲಿಗೆ ಅವತ್ತು ಹತ್ತನೇ ದಿನ.

ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್‌ನಲ್ಲಿ ಹುಲ್ಲು ಬೆಳೆಸುವುದು ಶುರುವಿನಲ್ಲಿ ತುಂಬಾ ಸುಲಭ. ನೆಲಕ್ಕೆ ಹೇರ್ ಪಾರ್ಟಿಕಲ್, ಅಂದರೆ ಕೂದಲಿನಂಥ ಎಳೆ ಬೆಳೆಸುವ ಸಾಧನ, ಹಾಕಿದರೆ ಸಾವಿರ ಎಳೆ ಏಳುತ್ತವೆ. ಒಂದೊಂದಕ್ಕೂ ನೂರು ‘ಚಿಲ್ಡ್ರನ್’, ಅಂದರೆ ಮರಿ ಎಳೆ, ಕೊಟ್ಟರೆ ರೆಂಡರ್ (ಕೊನೆಯ ಚಿತ್ರ ತಯಾರಾಗುವ) ಹೊತ್ತಿಗೆ ಒಂದು ಲಕ್ಷ. ಈ ಉಪಾಯದ ಮೂಲ ಹಳೆಯದು. 1983ರಲ್ಲಿ ಲ್ಯೂಕಾಸ್‌ಫಿಲ್ಮ್‌ನಲ್ಲಿದ್ದ ವಿಲಿಯಂ ರೀವ್ಸ್ ಪಾರ್ಟಿಕಲ್ ಸಿಸ್ಟಂ ಬಗ್ಗೆ, ಅಂದರೆ ಸಾವಿರಾರು ಸಣ್ಣ ಕಣಗಳಿಂದ ಚಿತ್ರ ಕಟ್ಟುವ ವಿಧಾನದ ಬಗ್ಗೆ, ಬರೆದರು. ಮೊದಲು ಅದನ್ನು ಬಳಸಿದ್ದು ಬೆಂಕಿ ತೋರಿಸುವುದಕ್ಕೆ. ಕಿಡಿಯೊಂದು ಮೇಲೆ ಹಾರಿ, ಬಾಗಿ, ಕೆಳಗೆ ಬೀಳುತ್ತದೆ ಅಲ್ವಾ? ಆ ಇಡೀ ದಾರಿಯನ್ನು ಒಂದೇ ಗೆರೆಯಾಗಿ ಎಳೆದರೆ ಹುಲ್ಲಿನ ಗರಿ ಸಿಗುತ್ತದೆ. ಕಿಡಿ ಹೋದ ದಾರಿಯೇ ಹುಲ್ಲು. ಇದನ್ನು ಮೊದಲ ಸಲ ಓದಿದಾಗ ನನಗೆ ಮೈ ಜುಂ ಎಂದಿತ್ತು.

ಆದರೆ ನನ್ನ ಗುಡ್ಡ ಹಸಿರು ಕಂಬಳಿ ಹೊದ್ದ ಹಾಗೆ ಕಾಣುತ್ತಿತ್ತು. ಹುಲ್ಲಿನ ಫೋಟೊ ಅಂಟಿಸಿದ ಹಾಳೆಗಳನ್ನೂ ನಿಲ್ಲಿಸಿ ನೋಡಿದ್ದೆ. ಒಂದರ ಹಿಂದೆ ಒಂದು ಪಾರದರ್ಶಕ ಹಾಳೆ ಬಂದಾಗ ಸೈಕಲ್ಸ್ (ಬ್ಲೆಂಡರ್ ಒಳಗೆ ರೆಂಡರ್ ಮಾಡುವ ಭಾಗ) ತಾನಾಗಿ ಎಂಟು ಪದರದವರೆಗೆ ಮಾತ್ರ ದಾಟುತ್ತದೆ. ಅದರಾಚೆ ಕಪ್ಪು. ಮಿತಿ ಹೆಚ್ಚಿಸಿದರೆ ಕಪ್ಪು ಹೋಗುತ್ತದೆ, ರೆಂಡರ್ ಮಾತ್ರ ಆಮೆಯಾಗುತ್ತದೆ. ಅದನ್ನು ಬಿಟ್ಟು ಮತ್ತೆ ಎಳೆಗಳಿಗೇ ಬಂದಿದ್ದೆ.

ಕಷಾಯ ತಂದ ಆಯಿ ಪರದೆ ನೋಡುತ್ತ ಸ್ವಲ್ಪ ಹೊತ್ತು ನಿಂತರು. ಆಮೇಲೆ ಕೇಳಿದರು, “ಇದು ಯಾವ ತಿಂಗಳ ಹುಲ್ಲು, ತಮಾ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಬಣ್ಣ ಜುಲೈನದು. ಉದ್ದ ಅಕ್ಟೋಬರಿನದು. ಬುಡದಲ್ಲಿ ಒಂದು ಒಣ ಎಳೆಯೂ ಇಲ್ಲ. ಅಂಥ ಹುಲ್ಲು ಯಾವ ತಿಂಗಳಲ್ಲೂ ಇರುವುದಿಲ್ಲ.

“ನಾಳೆ ಬೇಣ ಕೊಯ್ಯಲಿಕ್ಕೆ ಬರ್ತಾರೆ. ನೋಡುವುದಿದ್ದರೆ ಇವತ್ತೇ ನೋಡಿಕೊ” ಎಂದು ಒಳಗೆ ಹೋದರು.

ಬೇಣ ಅಂದರೆ ನಮ್ಮ ಕಡೆ ಅಡಿಕೆ ತೋಟದವರು ದನಗಳ ಹುಲ್ಲಿಗೆ ಅಂತ ಇಟ್ಟುಕೊಂಡ ಗುಡ್ಡದ ಜಾಗ. ಮಳೆ ನಿಂತ ಮೇಲೆ ಅಲ್ಲಿ ಕರಡ ಕೊಯ್ದು ಒಣಗಿಸಿ ವರ್ಷಕ್ಕಾಗುವಷ್ಟು ಹಾಕಿಡುತ್ತಾರೆ. ಚಿಕ್ಕಂದಿನಿಂದ ಅದೇ ಬೇಣದಲ್ಲಿ ಓಡಾಡಿದ್ದೇನೆ. ಹುಲ್ಲನ್ನು ನೋಡಲಿಕ್ಕೇ ಅಂತ ಹೋದದ್ದು ಅವತ್ತೇ ಮೊದಲು.

ನಾಲ್ಕು ಅಡಿಕೆ ದಬ್ಬೆ ಸೇರಿಸಿ ಒಂದಡಿ ಚೌಕ ಮಾಡಿಕೊಂಡೆ. ಅದನ್ನು ನೆಲಕ್ಕಿಟ್ಟು ಒಳಗಿದ್ದದ್ದನ್ನು ಎಣಿಸಿದೆ. ಏಳು ಬುಡ. ನಾನು ಎಳೆಗಳನ್ನು ಒಂದೊಂದಾಗಿ ನೆಲಕ್ಕೆ ಚೆಲ್ಲಿದ್ದೆ. ಇಲ್ಲಿ ಕರಡ ಬುಡ ಬುಡವಾಗಿ ನಿಂತಿತ್ತು. ಒಂದೇ ಬುಡದಿಂದ ಹತ್ತಾರು ಗರಿ, ನಡುವಿನವು ನೆಟ್ಟಗೆ, ಹೊರಗಿನವು ಬಾಗಿ, ಕೆಲವು ಅರ್ಧಕ್ಕೆ ಮುರಿದು. ಕೆಳಗೆ ಕಳೆದ ವರ್ಷ ಕೊಯ್ದ ಕೂಳೆ, ಬೂದು ಬಣ್ಣಕ್ಕೆ ತಿರುಗಿದ್ದು. ಬುಡ ಬುಡದ ನಡುವೆ ಕೆಂಪು ಮಣ್ಣು, ಅಲ್ಲಲ್ಲಿ ನಾಚಿಕೆಮುಳ್ಳು. ಈ ಸಂದುಗಳನ್ನು ನಾನು ಬಿಟ್ಟೇ ಇರಲಿಲ್ಲ. ನನ್ನ ಗುಡ್ಡ ಕಂಬಳಿಯಾಗಿದ್ದು ಅದಕ್ಕೇ.

ಎದ್ದು ನಿಂತಾಗ ಇನ್ನೊಂದು ಕಂಡಿತು. ಇಡೀ ಬೇಣ ಮೂಡಲಿಗೆ ವಾಲಿತ್ತು. ಜಾಸ್ತಿ ಅಲ್ಲ, ಒಂದು ಚೂರು. ಮಳೆಗಾಲದ ಗಾಳಿ ಪಡುವಲಿಂದ, ಸಮುದ್ರದ ಕಡೆಯಿಂದ ಬೀಸುತ್ತದೆ. ನಾಲ್ಕು ತಿಂಗಳು ಅದು ತಳ್ಳಿದ ಗುರುತು ಹುಲ್ಲಿನ ಮೈಯಲ್ಲಿ ಇತ್ತು. ದನ ನಡೆಯುವ ಕಾಲುದಾರಿಯಲ್ಲಿ ಕರಡವೇ ಇಲ್ಲ, ನೆಲಕ್ಕೆ ಅಂಟಿದ ಗರಿಕೆ ಮಾತ್ರ. ಕಲ್ಲು ಮೇಲೆ ಬಂದ ಕಡೆ ಹುಲ್ಲು ಬಡವಾಗಿ, ಬೇಗ ಹಣ್ಣಾಗಿತ್ತು. ಹುತ್ತದ ಬದಿಯಲ್ಲಿ ಮೊಣಕಾಲಿಗಿಂತ ಎತ್ತರ. ಈ ಕೆಲಸ ಕಲಿಯುವ ಎಲ್ಲರಿಗೂ ಮೊದಲು ಸಿಗುವ ಸಲಹೆ, ಎಲ್ಲವನ್ನೂ ರ‍್ಯಾಂಡಮ್ ಮಾಡು ಅಂತ. ಅಡ್ಡಾದಿಡ್ಡಿ ಮಾಡಿದರೆ ಸಹಜ ಕಾಣುತ್ತದೆ ಅಂತ. ನಾನೂ ಬೇರೆಯವರಿಗೆ ಅದನ್ನೇ ಹೇಳಿದ್ದೇನೆ. ಬೇಣದಲ್ಲಿ ನಿಂತಾಗ ಅದು ಅರ್ಧ ಮಾತು ಅನ್ನಿಸಿತು. ಅಲ್ಲಿ ಪ್ರತಿಯೊಂದು ಬಾಗಿಗೂ ಒಂದು ಕಾರಣ ಇತ್ತು.

ಬೆಳಕಿನ ವಿಷಯಕ್ಕೆ ಹೊಟ್ಟೆಯ ಮೇಲೆ ಮಲಗಬೇಕಾಯಿತು. ಬಟ್ಟೆ ತುಂಬ ಹುಲ್ಲಿನ ಬೀಜ ಚುಚ್ಚಿಕೊಂಡವು. ಸೂರ್ಯನಿಗೆ ಬೆನ್ನು ಹಾಕಿ ನೋಡಿದರೆ ಹುಲ್ಲು ಮಂಕು ಹಸಿರು, ಗರಿಯ ಮೇಲೆ ಅಲ್ಲಲ್ಲಿ ಬಿಳಿ ಹೊಳಪು. ತಿರುಗಿ ಸೂರ್ಯನ ಕಡೆ ನೋಡಿದರೆ ಅದೇ ಹುಲ್ಲು ದೀಪ ಹಚ್ಚಿದ ಹಾಗೆ ಹಳದಿ ಹಸಿರು. ಬಿಸಿಲು ಗರಿಯೊಳಗಿಂದ ಹಾದು ಬರುವಾಗ ಕೆಂಪು, ನೀಲಿಯನ್ನು ಎಲೆ ಹೆಚ್ಚಾಗಿ ಹೀರಿಕೊಳ್ಳುತ್ತದೆ. ನಮಗೆ ದಾಟಿ ಬರುವುದು ಉಳಿದದ್ದು. ನನ್ನ ಗರಿಗಳು ಬಣ್ಣ ಬಳಿದ ತಗಡಿನ ಹಾಗೆ ಬೆಳಕನ್ನು ವಾಪಸ್ ಕಳಿಸುತ್ತಿದ್ದವು, ಒಳಗೆ ಬಿಡುತ್ತಿರಲಿಲ್ಲ.

ಹತ್ತು ಗಂಟೆಗೆ ಮನೆಗೆ ಬಂದು ಹಳೆಯ ಹುಲ್ಲನ್ನೆಲ್ಲ ಅಳಿಸಿದೆ. ಹನ್ನೆರಡು ಗರಿ ಮಾಡಿದೆ: ಹಸಿ, ಅರೆಬಲಿತದ್ದು, ಒಣಗಿದ್ದು, ಮುರಿದದ್ದು, ತೆನೆ ಬಿಟ್ಟದ್ದು. ನಡುವೆ ಸಣ್ಣ ಮಡಿಕೆ ಇರುವ ಹಾಗೆ, ದೋಣಿಯ ಹೊಟ್ಟೆಯಂತೆ. ಆ ಮಡಿಕೆ ಇಲ್ಲದಿದ್ದರೆ ಹೊಳಪು ಸರಿಯಾಗಿ ಕೂರುವುದಿಲ್ಲ. ಅವುಗಳಿಂದ ಒಂಬತ್ತು ಬುಡ ಕಟ್ಟಿದೆ. ಬಣ್ಣಕ್ಕೆ ಟ್ರಾನ್ಸ್‌ಲುಸೆಂಟ್ ಶೇಡರ್, ಅಂದರೆ ಬೆಳಕನ್ನು ಗರಿಯೊಳಗಿಂದ ಹಾಯಲು ಬಿಡುವ ಗುಣ, ಬೆರೆಸಿದೆ. ಸಂಜೆಯವರೆಗೆ ಅದೇ ಆಯಿತು, ನಡುವೆ ಎರಡು ಸಲ ಕರೆಂಟ್ ಹೋಯಿತು.

ಬುಡಗಳನ್ನು ಗುಡ್ಡದ ಮೇಲೆ ಇನ್‌ಸ್ಟೆನ್ಸ್ ಆಗಿ ಹರಡಿದೆ. ನಲವತ್ತು ಸಾವಿರ ಬುಡ ಕಂಡರೂ ಮೆಮೊರಿಯಲ್ಲಿ ಇರುವುದು ಒಂಬತ್ತೇ. ಉಳಿದದ್ದೆಲ್ಲ ‘ಇಲ್ಲಿ ನಿಲ್ಲಿಸು, ಇಷ್ಟು ತಿರುಗಿಸು, ಇಷ್ಟು ದೊಡ್ಡದು ಮಾಡು’ ಅನ್ನುವ ಚೀಟಿಗಳು. ನನ್ನ ಹಳೇ ಲ್ಯಾಪ್‌ಟಾಪ್ ಅಷ್ಟನ್ನು ಹೊತ್ತದ್ದು ಇದರಿಂದಲೇ. ಆಮೇಲೆ ಎಲ್ಲಿ ಎಷ್ಟು ಹುಲ್ಲು ಅಂತ ಬಳಿದು ತೋರಿಸುವ ವೇಟ್ ಪೇಂಟ್ ಬ್ರಷ್ ಹಿಡಿದು ದನದ ದಾರಿಯನ್ನು ನೆನಪಿನಿಂದ ಬಳಿದೆ. ಕಲ್ಲಿನ ಸುತ್ತ ತೆಳು ಮಾಡಿದೆ, ಹುತ್ತದ ಬದಿಗೆ ಎತ್ತರ ಕೊಟ್ಟೆ. ಕೊನೆಗೆ ಎಲ್ಲ ಬುಡವನ್ನೂ ಮೂಡಲಿಗೆ ಒಂದು ಚೂರು ವಾಲಿಸಿದೆ.

ರಾತ್ರಿ ಮೊದಲ ರೆಂಡರ್‌ನಲ್ಲಿ ದೂರದ ಹುಲ್ಲು ಬಣ್ಣ ಕಲಸಿದ ಹಾಗೆ ಬಂತು. ಚಿತ್ರದ ಚುಕ್ಕಿ ಕಸ (ನಾಯ್ಸ್) ತೆಗೆಯುವ ಡಿನಾಯ್ಸರ್ ಸಣ್ಣ ಗರಿಗಳನ್ನೂ ನಾಯ್ಸ್ ಅಂದುಕೊಂಡು ಒರೆಸಿತ್ತು. ಅದನ್ನು ಆಫ್ ಮಾಡಿ, ಸ್ಯಾಂಪಲ್ (ಒಂದೊಂದು ಚುಕ್ಕಿಗೆ ಬೆಳಕನ್ನು ಲೆಕ್ಕ ಹಾಕುವ ಸಲ) ಹೆಚ್ಚಿಸಿ, ಲ್ಯಾಪ್‌ಟಾಪ್ ಹಾಗೇ ಬಿಟ್ಟು ಮಲಗಿದೆ.

ಬೆಳಿಗ್ಗೆ ಆಯಿ ಕನ್ನಡಕ ಹಾಕಿಕೊಂಡು ಬಂದು ಕೂತರು. ಮರ, ಆಕಾಶ ಯಾವುದನ್ನೂ ನೋಡಲಿಲ್ಲ. ಬೆರಳು ಸೀದಾ ಕಲ್ಲಿನ ಹತ್ತಿರ ಹೋಯಿತು. “ಇಲ್ಲಿಯದು ಬಲಿತು ಹೋಯ್ತು. ಇದನ್ನು ಮೊದಲು ಕೊಯ್ಯಬೇಕಿತ್ತು.”

ಹೊರಗೆ ಕೊಯ್ಯುವವರು ಕತ್ತಿ ಮಸೆಯುವ ಸದ್ದು ಕೇಳುತ್ತಿತ್ತು. ಆಯಿ ಅವರಿಗೆ ಚಾ ಕೊಡಲು ಎದ್ದರು. ನಾನು ಫೈಲ್ ಸೇವ್ ಮಾಡಿ ಹಿಂದೆಯೇ ಹೋದೆ. ಮಧ್ಯಾಹ್ನದ ಹೊತ್ತಿಗೆ ಕಾಲುದಾರಿಯ ಈಚೆಗೆ ಬರೀ ಕೂಳೆ ಉಳಿದಿತ್ತು. ಹುತ್ತ ಒಂದೇ ನಿಂತಿತ್ತು, ಅದರ ಬದಿಯ ಎತ್ತರದ ಕರಡ ಹೊರೆಯಾಗಿ ಯಾರದೋ ತಲೆಯ ಮೇಲೆ ಕೊಟ್ಟಿಗೆಯ ಕಡೆ ಹೋಗುತ್ತಿತ್ತು.