ತಪಾಸಣೆ ಗೇಟಿನಲ್ಲಲ್ಲ, ಗೇಟಿಗಿಂತ ಮೊದಲು

ಮಂಗಳೂರಿನ ನೆಹರೂ ಮೈದಾನದಲ್ಲೋ ಪಣಂಬೂರು ಕಡಲತೀರದಲ್ಲೋ ದೊಡ್ಡ ಕಾರ್ಯಕ್ರಮ ನಿಗದಿಯಾದರೆ ಸಂಘಟಕರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಮೆಟಲ್ ಡಿಟೆಕ್ಟರ್ ಎಷ್ಟು ತರಿಸಬೇಕು? ಅದಕ್ಕಿಂತ ಮೊದಲು ಕೇಳಬೇಕಾದ್ದು ಇನ್ನೊಂದಿದೆ. ತಪಾಸಣೆಗೆ ಕಾಯುವ ಜನ ನಿಲ್ಲುವುದು ಎಲ್ಲಿ?

ಒಂದು ಲೆಕ್ಕ ನೋಡಿ. ಸಂಜೆ 6ಕ್ಕೆ ಕಾರ್ಯಕ್ರಮ, 10,000 ಜನ. ಬಸ್ಸಿಳಿದು, ಕೆಲಸ ಮುಗಿಸಿ ಬರುವವರೇ ಹೆಚ್ಚು. ಹಾಗಾಗಿ 6,000 ಮಂದಿ ಕೊನೆಯ ಅರ್ಧ ಗಂಟೆಯಲ್ಲಿ ಬರುತ್ತಾರೆ ಎಂದಿಟ್ಟುಕೊಳ್ಳಿ. ಅಂದರೆ ನಿಮಿಷಕ್ಕೆ 200 ಮಂದಿ. ಮೊಬೈಲ್, ಕೀ ಟ್ರೇಗೆ ಹಾಕಿ ಬಾಗಿಲಿನಂತಿರುವ ಡಿಟೆಕ್ಟರ್ ಚೌಕಟ್ಟು ದಾಟಿ ಮತ್ತೆ ಎತ್ತಿಕೊಳ್ಳಲು ಒಬ್ಬರಿಗೆ ಏಳೆಂಟು ಸೆಕೆಂಡು ಹಿಡಿದರೆ ಒಂದು ಸಾಲಿನಲ್ಲಿ ನಿಮಿಷಕ್ಕೆ 8 ಮಂದಿ. ಈ ಜನಕ್ಕೆ 25 ಸಾಲು ಬೇಕು. ಹತ್ತೇ ಸಾಲು ಹಾಕಿದರೆ ನಿಮಿಷಕ್ಕೆ 80 ಮಂದಿ ಒಳಗೆ, 120 ಮಂದಿ ಹೊರಗೆ ಬಾಕಿ. ಆರು ಗಂಟೆಗೆ ಗೇಟಿನ ಹೊರಗೆ 3,600 ಜನ. ಚದರ ಮೀಟರಿಗೆ ಇಬ್ಬರಂತೆ ನಿಲ್ಲಿಸಿದರೂ 6 ಮೀಟರ್ ಅಗಲದ ರಸ್ತೆಯಲ್ಲಿ ಅದು 300 ಮೀಟರ್ ಉದ್ದದ ಸಾಲು. ಕೊನೆಯವರು ಒಳಗೆ ಹೋಗುವಾಗ 6.45. ಅಷ್ಟರಲ್ಲಿ ಒಳಗೆ ಮೈಕ್ ಶುರುವಾಗಿರುತ್ತದೆ, ಚಪ್ಪಾಳೆ ಕೇಳುತ್ತದೆ. ಹಿಂದಿನವರು ತಳ್ಳತೊಡಗುವುದು ಆಗ.

1989ರಲ್ಲಿ ಇಂಗ್ಲೆಂಡಿನ ಹಿಲ್ಸ್‌ಬರೋ ಫುಟ್ಬಾಲ್ ಕ್ರೀಡಾಂಗಣದಲ್ಲಿ ನಿಂತು ನೋಡುವ ಟಿಕೆಟಿನ 10,100 ಮಂದಿಗೆ ಇದ್ದದ್ದು 7 ತಿರುಗು ಗೇಟು. ಹೊರಗಿನ ಒತ್ತಡ ತಡೆಯಲಾಗದೆ ಪಕ್ಕದ ದೊಡ್ಡ ಗೇಟು ತೆರೆದರು. ನುಗ್ಗಿದ ಜನ ಆಗಲೇ ತುಂಬಿದ್ದ, ಸುತ್ತ ಬೇಲಿಯಿದ್ದ ಅಂಕಣದೊಳಗೆ ಸೇರಿತು; ಸತ್ತವರು 97. ನಮ್ಮಲ್ಲೇ, 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 11 ಮಂದಿ ಜೀವ ಬಿಟ್ಟದ್ದು ಗೇಟುಗಳ ಹೊರಗೆ. ಇಂಥ ಕಡೆ ಹೆಚ್ಚಿನವರು ಸಾಯುವುದು ಕಾಲಡಿ ಸಿಕ್ಕಿ ಅಲ್ಲ, ನಿಂತಲ್ಲೇ ಎದೆ ಒತ್ತಿ ಉಸಿರು ಕಟ್ಟಿ. ಚದರ ಮೀಟರಿಗೆ 4 ಮಂದಿ ಎಂಬುದು ನಾನು ದಾಟಲು ಬಿಡದ ಗೆರೆ. 6-7 ಆದರೆ ಜನ ತಮ್ಮ ಕಾಲಿನ ಮೇಲೆ ತಾವು ನಿಂತಿರುವುದಿಲ್ಲ, ಗುಂಪು ನೀರಿನ ಅಲೆಯಂತೆ ತೂಗುತ್ತದೆ. ಕಣ್ಣಳತೆ ಕೈಕೊಡುತ್ತದೆ. ಆದ್ದರಿಂದ ಸಾಲಿನ ಜಾಗದಲ್ಲಿ ಸುಣ್ಣದಿಂದ 2 ಮೀಟರ್ ಉದ್ದಗಲದ ಚೌಕ ಬರೆದಿಡಿ. ಅದರೊಳಗೆ 16 ತಲೆ ಕಂಡರೆ ಮಿತಿ ಮುಟ್ಟಿತೆಂದು ಮೇಲೆ ನಿಂತು ನೋಡುವವನಿಗೂ ಗೊತ್ತಾಗುತ್ತದೆ.

ಹಾಗಾಗಿ ತಪಾಸಣೆಯನ್ನು ಗೇಟಿಗೆ ಅಂಟಿಸಬೇಡಿ. ಗೇಟಿನಿಂದ ಕನಿಷ್ಠ 30-40 ಮೀಟರ್ ಮೊದಲು, ಅಗಲ ಸಿಗುವ ಕಡೆ ತಪಾಸಣೆ. ಗೇಟಿನಲ್ಲಿ ಪಾಸ್ ನೋಡುವುದು ಮಾತ್ರ. ನಡುವಿನ ಜಾಗ ಖಾಲಿ ಇರಲಿ. ಎರಡೂ ಕೆಲಸ ಒಂದೇ ಬಾಗಿಲಲ್ಲಿ ಸೇರಿದರೆ ಒಂದು ತಡವಾದಾಗ ಇನ್ನೊಂದೂ ನಿಲ್ಲುತ್ತದೆ. ಮಂಗಳೂರಿನಲ್ಲಿ ಇಳಿಜಾರು ತಪ್ಪಿದ್ದಲ್ಲ. ಗೇಟಿನ ಕಡೆಗೆ ಇಳಿಯುವ ದಾರಿಯಲ್ಲಿ ಸಾಲು ನಿಲ್ಲಿಸಲೇಬೇಡಿ, ಮೇಲಿನವರ ಭಾರ ಕೆಳಗಿನವರ ಬೆನ್ನಿಗೆ ಬರುತ್ತದೆ. ಚರಂಡಿಯ ಚಪ್ಪಡಿ ಎಲ್ಲಿ ಎದ್ದಿದೆ, ಎಲ್ಲಿ ಇಲ್ಲವೇ ಇಲ್ಲ ಎಂದು ಹಗಲಿನಲ್ಲೇ ನಡೆದು ನೋಡಿ.

ಡಿಟೆಕ್ಟರ್ ಚೌಕಟ್ಟಿನ ಮಟ್ಟಿಗೆ: ಗಟ್ಟಿ, ಸಮತಟ್ಟಾದ ನೆಲ ಬೇಕು. ಮರಳು, ಹುಲ್ಲಿನ ಮೇಲೆ ಹಾಗೇ ಇಟ್ಟರೆ ಅಲುಗಿ ಸುಮ್ಮಸುಮ್ಮನೆ ಕಿರುಚುತ್ತದೆ. ಕೆಳಗೆ ಪ್ಲೈವುಡ್ ಹಲಗೆ ಹಾಕಿ. ಕಬ್ಬಿಣದ ಬ್ಯಾರಿಕೇಡ್ ತಾಗಿರಬಾರದು, ಜನರೇಟರ್ ಮತ್ತು ಎಲ್‌ಇಡಿ ಪರದೆ ದೂರವಿರಲಿ. ಒತ್ತೊತ್ತಾಗಿ ಇಟ್ಟ ಚೌಕಟ್ಟುಗಳು ಒಂದಕ್ಕೊಂದು ಅಡ್ಡಿ ಮಾಡುತ್ತವೆ, ಹೊಂದಿಸುವ ಕೆಲಸ ಬಾಡಿಗೆಗೆ ಕೊಟ್ಟವರದು, ಮಧ್ಯಾಹ್ನವೇ ಮಾಡಿಸಿ. ಸದ್ದಾದವರನ್ನು ಚೌಕಟ್ಟಿನಲ್ಲೇ ನಿಲ್ಲಿಸಿ ತಡವಬಾರದು. ಎರಡು ಹೆಜ್ಜೆ ಮುಂದೆ ಬದಿಗೆ ಕರೆದು ಕೈ ಡಿಟೆಕ್ಟರ್ ಹಿಡಿದರೆ ಹಿಂದಿನ ಸಾಲು ಹರಿಯುತ್ತಲೇ ಇರುತ್ತದೆ. ಬೆಳ್ಳಿಯ ಉಡಿದಾರ, ದಪ್ಪ ಬಕಲಿನ ಬೆಲ್ಟು, ಸ್ಟೀಲ್ ಬಾಟ್ಲಿ: ಹೆಚ್ಚಿನ ಸದ್ದು ಇವುಗಳದ್ದೇ.

ಬ್ಯಾಗ್ ಇಲ್ಲದವರಿಗೆ ಬೇರೆ ಸಾಲು ಕೊಟ್ಟರೆ ವೇಗ ಎದ್ದು ಕಾಣುವಷ್ಟು ಹೆಚ್ಚುತ್ತದೆ. ಆದರೆ ಫಲಕವನ್ನು ಸಾಲಿನ ತುದಿಯಲ್ಲಿ ಕಟ್ಟಿದರೆ ಪ್ರಯೋಜನವಿಲ್ಲ, 30 ಮೀಟರ್ ಮೊದಲೇ, ತಲೆಗಿಂತ ಎತ್ತರದಲ್ಲಿ ಬೇಕು. ನಮ್ಮೂರಿನಲ್ಲಿ ಹೆಲ್ಮೆಟ್ ಒಂದು ದೊಡ್ಡ ಸಮಸ್ಯೆ. ಸ್ಕೂಟರಿನಲ್ಲಿ ಬಿಟ್ಟರೆ ಕಳವಾದೀತೆಂದು ಎಲ್ಲರೂ ಕೈಯಲ್ಲಿ ಹಿಡಿದು ಬರುತ್ತಾರೆ. ಹೆಲ್ಮೆಟ್ ಇಡುವ ಕೌಂಟರನ್ನು ಪಾರ್ಕಿಂಗ್ ಹತ್ತಿರವೇ ಮಾಡಿ. ಗೇಟಿನ ಬಳಿ ಮಾಡಿದರೆ ವಾಪಸು ಪಡೆಯುವಾಗ ಹೊರದಾರಿಯೇ ಮುಚ್ಚುತ್ತದೆ. ನೀರಿನ ಬಾಟ್ಲಿಯನ್ನು ಪೂರಾ ನಿಷೇಧಿಸುವುದು ನನಗೆ ಸರಿ ಕಾಣುವುದಿಲ್ಲ. ಈ ಸೆಕೆಯಲ್ಲಿ 45 ನಿಮಿಷ ನಿಂತವರು ತಲೆ ತಿರುಗಿ ಬೀಳುತ್ತಾರೆ, ಬಿದ್ದವರ ಸುತ್ತ ಜನ ಗುಂಪುಗಟ್ಟುತ್ತಾರೆ.

ಹೆಂಗಸರನ್ನು ಹೆಂಗಸರೇ, ಮರ್ಯಾದೆಗೆ ಕುಂದು ಬಾರದಂತೆ ತಪಾಸಣೆ ಮಾಡಬೇಕು ಎಂಬುದು ಕಾನೂನಿನ ಮಾತು. ಪರದೆ ಕಟ್ಟಿದ ಕೋಣೆಗೆ ಹೋಗಿ ಬರಲು ಸಮಯ ಹೆಚ್ಚು ಹಿಡಿಯುತ್ತದೆ, ವ್ಯಾನಿಟಿ ಬ್ಯಾಗೂ ಇರುತ್ತದೆ. ಹೀಗಿದ್ದೂ ಹತ್ತು ಸಾಲಿಗೆ ಇಬ್ಬರು ಮಹಿಳಾ ಸಿಬ್ಬಂದಿಯನ್ನು ನಿಲ್ಲಿಸುವುದು ಬಹಳ ಕಡೆ ನಡೆಯುವ ತಪ್ಪು. ಅದರ ಬೆನ್ನಿಗೇ ಇನ್ನೊಂದು: ಬೇಗ ಒಳಗೆ ಬಂದ ಗಂಡಸರು ಹೆಂಡತಿ ಮಕ್ಕಳಿಗಾಗಿ ಚೌಕಟ್ಟಿನ ಎದುರೇ ಕಾಯುತ್ತಾರೆ. ಐವತ್ತು ಮಂದಿ ಹಾಗೆ ನಿಂತರೆ ಸಾಕು, ದಾರಿಯ ಬಾಯಿ ಕಟ್ಟಿತು. 20 ಮೀಟರ್ ಒಳಗೆ 'ಮನೆಯವರಿಗಾಗಿ ಇಲ್ಲಿ ಕಾಯಿರಿ' ಎಂದು ದೊಡ್ಡದಾಗಿ ಬರೆದು, ಅಲ್ಲೊಬ್ಬ ಸ್ವಯಂಸೇವಕನನ್ನು ನಿಲ್ಲಿಸಿ.

ಜನ ಹೆಚ್ಚಾದಾಗ ಆಗುವ ಅತಿ ಕೆಟ್ಟ ಸಂಗತಿಯೆಂದರೆ ಯಾರೂ ಹೇಳದೆಯೇ ತಪಾಸಣೆ ಸಡಿಲವಾಗುವುದು. ಚೌಕಟ್ಟು ಕೂಗುತ್ತಿರುತ್ತದೆ, ಸಿಬ್ಬಂದಿ ಕೈಬೀಸಿ ಬಿಡುತ್ತಿರುತ್ತಾರೆ. ಭದ್ರತೆಯೂ ಇಲ್ಲ, ದಾರಿಯೂ ಕಿರಿದು. ಸಾಲಿನ ದಾರಿಯಲ್ಲಿ ಮೂರು ಗುರುತಿನ ಕಂಬ ನೆಟ್ಟು, ಯಾವ ಹಂತದಲ್ಲಿ ಏನು ಮಾಡುವುದೆಂದು ಮೊದಲೇ ಪೊಲೀಸರೊಂದಿಗೆ ಕೂತು ಬರೆದಿಡಬೇಕು. ಸಾಲಿನ ಬಾಲ ಮೊದಲ ಗುರುತಿನ ಕಂಬ ಮುಟ್ಟಿದರೆ ಮೀಸಲು ಸಾಲುಗಳನ್ನು ತೆರೆಯುವುದು. ಎರಡನೆಯದನ್ನು ಮುಟ್ಟಿದರೆ ದೂರದಲ್ಲೇ, ನೆಹರೂ ಮೈದಾನವಾದರೆ ಹಂಪನಕಟ್ಟೆಯಲ್ಲಿ, ಬರುವವರನ್ನು ತಡೆಯುವುದು. ಮೂರನೆಯದಕ್ಕೆ ಬಂದರೆ ಬ್ಯಾಗ್ ಮಾತ್ರ ನೋಡಿ ಬಿಡುವುದು, ಅದೂ ಹೆಸರಿಸಿದ ಒಬ್ಬ ಅಧಿಕಾರಿಯ ಆದೇಶದ ಮೇಲೆ. ಗಣ್ಯರ ವಾಹನಕ್ಕೆಂದು ಜನರ ದಾರಿಯನ್ನು 10 ನಿಮಿಷ ತಡೆದರೆ ಮೇಲಿನ ಲೆಕ್ಕದಲ್ಲಿ 2,000 ಮಂದಿ ಜಮೆಯಾಗುತ್ತಾರೆ. ಗಣ್ಯರಿಗೆ ಬೇರೆ ಗೇಟೇ ಬೇಕು.

ಧ್ವನಿವರ್ಧಕ ನಾಲ್ಕಾದರೂ ಹೊರಗಿನ ಸಾಲಿನ ಕಡೆ ಮುಖ ಮಾಡಿರಲಿ. ಎಷ್ಟು ಹೊತ್ತು ಕಾಯಬೇಕು ಎಂದು ಗೊತ್ತಾದ ಜನ ತಳ್ಳುವುದು ಕಡಿಮೆ. ಕನ್ನಡದ ಜೊತೆಗೆ ತುಳುವಿನಲ್ಲೂ ಹೇಳಿ. 'ಮೆಲ್ಲ ಪೋಲೆ' (ನಿಧಾನ ಹೋಗಿ) ಎಂಬ ಎರಡು ಶಬ್ದಕ್ಕೆ ಇಲ್ಲಿ ಸೀಟಿಗಿಂತ ಹೆಚ್ಚು ಬೆಲೆ.

ಉಡುಪಿಯ ರಥಬೀದಿಗೆ ಈ ಲೆಕ್ಕ ನೇರವಾಗಿ ಹೊಂದುವುದಿಲ್ಲ. ಕೃಷ್ಣಮಠದ ಪೂಜೆಯ ಹೊಣೆ ಕೈಬದಲಾಗುವ ಪರ್ಯಾಯಕ್ಕೋ ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿಗೋ ಬರುವ ಜನಕ್ಕೆ ಗೇಟೂ ಇಲ್ಲ, ಟಿಕೆಟೂ ಇಲ್ಲ. ಅಲ್ಲಿ ಕೆಲಸ ಮಾಡುವುದು ಏಕಮುಖ ಹರಿವು: ಒಂದು ಕಡೆಯಿಂದ ಒಳಗೆ, ಬೇರೆ ಕಡೆಯಿಂದ ಹೊರಗೆ, ಎದುರುಬದುರು ಎರಡು ಗುಂಪು ಎಲ್ಲೂ ಸಿಗದಂತೆ. ವಿಟ್ಲಪಿಂಡಿ ಮಳೆಗಾಲದಲ್ಲಿ ಬರುತ್ತದೆ. ಕೊಡೆ ಬಿಚ್ಚಿದರೆ ಒಬ್ಬೊಬ್ಬರಿಗೂ ಹೆಚ್ಚು ಜಾಗ ಬೇಕು, ಮಳೆ ಜೋರಾದರೆ ಎಲ್ಲರೂ ಒಂದೇ ಮಾಡಿನಡಿಗೆ ಓಡುತ್ತಾರೆ. ಆ ಮಾಡು ಹೊರದಾರಿಯ ಮೇಲಿರಬಾರದು.

ಹೊರಹೋಗುವ ಲೆಕ್ಕವನ್ನು ಎಲ್ಲರೂ ಮರೆಯುತ್ತಾರೆ. ಬ್ರಿಟನ್ನಿನ ಕ್ರೀಡಾಂಗಣಗಳಲ್ಲಿ ಬಳಸುವ ಅಳತೆಯಂತೆ ಸಮತಟ್ಟಾದ ದಾರಿಯಲ್ಲಿ ಒಂದು ಮೀಟರ್ ಅಗಲಕ್ಕೆ ನಿಮಿಷಕ್ಕೆ ಹೆಚ್ಚೆಂದರೆ 82 ಮಂದಿ, ಮೆಟ್ಟಿಲಲ್ಲಿ 66. 10,000 ಜನ 8 ನಿಮಿಷದಲ್ಲಿ ಹೊರಬರಲು ಒಟ್ಟು 15 ಮೀಟರಿಗಿಂತ ಹೆಚ್ಚು ಅಗಲ ಬೇಕು, ಅತಿ ದೊಡ್ಡ ಗೇಟೊಂದು ಮುಚ್ಚಿಹೋದರೂ ಅಷ್ಟು ಉಳಿಯಬೇಕು. ಬಂದ ದಾರಿಯಲ್ಲೇ ಮರಳುವುದಾದರೆ, ಕಾರ್ಯಕ್ರಮ ಮುಗಿಯುವ ಅರ್ಧ ಗಂಟೆ ಮೊದಲು ಚೌಕಟ್ಟು, ಮೇಜು, ಟ್ರೇ, ವಯರು ಎಲ್ಲ ಎತ್ತಿ ಬದಿಗಿಡಬೇಕು. ಬ್ಯಾರಿಕೇಡಿನ ಹೊರಚಾಚಿದ ಕಾಲುಗಳು ಕತ್ತಲಲ್ಲಿ ಎಡವಿಸುತ್ತವೆ, ಅವನ್ನೂ ತೆಗೆಯಿರಿ. ಗೇಟಿನ ದೀಪ ಮತ್ತು ಸಿಬ್ಬಂದಿ ಎರಡೂ ಹೊರಗಿನ ರಸ್ತೆ ಖಾಲಿಯಾಗುವ ತನಕ ಅಲ್ಲೇ ಇರಲಿ.