ಕೊನೆಗೂ ಗಾಬಾ ಬೇರೆಯಾಯಿತು: ಅಮೋನಿಯಾ ಜೊತೆಗಿನ ಜಗಳದ ವರದಿ

ಬಾಗಲಕೋಟೆ ನವನಗರದ ನಮ್ಮ ಮಾಳಿಗೆ ಮೇಲಿನ ಲ್ಯಾಬಿನಿಂದ ಒಳ್ಳೆಯ ಸುದ್ದಿ. ಗಾಬಾ ಅಂದರೆ ಮಿದುಳಿನಲ್ಲಿ ನರಗಳನ್ನು ತಣ್ಣಗಾಗಿಸುವ ಸಂದೇಶವಾಹಕ, ಗ್ಲುಟಮೇಟ್ ಅವನ್ನು ಕೆರಳಿಸುವುದು. ಎರಡೂ ಅಮೈನೋ ಆಸಿಡ್‌ಗಳೇ. ಆಡಿನ ಮಿದುಳಿನ ರಸದಲ್ಲಿ ಗ್ಲುಟಮೇಟ್ ಜೊತೆ ಅಂಟಿಕೊಂಡೇ ಓಡುತ್ತಿದ್ದ ಗಾಬಾ ಈಗ ಟಿಎಲ್‌ಸಿ ಪ್ಲೇಟಿನ (ಸಿಲಿಕಾ ಬಳಿದ ಪ್ಲೇಟ್; ದ್ರವ ಅದರ ಮೇಲೆ ಏರುತ್ತಾ ವಸ್ತುಗಳನ್ನು ಬೇರೆ ಬೇರೆ ದೂರಕ್ಕೆ ಒಯ್ಯುತ್ತದೆ) ಮೇಲೆ ತನ್ನದೇ ಚುಕ್ಕೆಯಾಗಿ ನಿಂತಿದೆ.

ಮಿದುಳನ್ನು 80% ಆಲ್ಕೋಹಾಲಿನಲ್ಲಿ ಅರೆದು, ಕ್ಲೋರೋಫಾರ್ಮ್ ಹಾಕಿ ಕೊಬ್ಬು ತೆಗೆದರೆ ಈ ರಸ ಸಿಗುತ್ತದೆ. ಮಿದುಳು ಮಟನ್ ಅಂಗಡಿಯದು. "ಫ್ರೈ ಮಾಡಾಕೋ, ಸಾರಿಗೋ ಸರ್ರ?" ಅಂತ ಕೇಳುತ್ತಾರೆ. ಎರಡಕ್ಕೂ ಅಲ್ಲ ಅಂದರೆ ನಂಬುವುದಿಲ್ಲ. ಹೋಲಿಸಿ ನೋಡಲು ಬೇಕಾದ ಗ್ಲುಟಮೇಟ್ ಸ್ಟ್ಯಾಂಡರ್ಡ್‌ಗೆ ಗೋಬಿ ಮಂಚೂರಿ ಗಾಡಿಯವರು ಹಾಕುವ ಟೇಸ್ಟಿಂಗ್ ಪೌಡರ್ ಸಾಕು. ಗಾಬಾಗೆ ಸಪ್ಲಿಮೆಂಟ್ ಕ್ಯಾಪ್ಸೂಲ್ ಬಿಚ್ಚಿದೆ.

ಬ್ಯುಟನಾಲ್, ಅಸೆಟಿಕ್ ಆಸಿಡ್, ನೀರು 4:1:1 ಹಾಕಿ ಓಡಿಸಿದರೆ ಗ್ಲುಟಮೇಟ್, ಅಲನೈನ್ (ಇನ್ನೊಂದು ಅಮೈನೋ ಆಸಿಡ್), ಗಾಬಾ ಮೂರೂ ಒಂದರ ಮೇಲೊಂದು. ಒಂದೇ ದಿಕ್ಕಿನಲ್ಲಿ ಎಷ್ಟು ಓಡಿಸಿದರೂ ಅಷ್ಟೇ. ಪ್ಲೇಟ್ ತಿರುಗಿಸಿ, ಎರಡನೇ ದಿಕ್ಕಿಗೆ ಪ್ರೊಪನಾಲ್ ಮತ್ತು ಅಮೋನಿಯಾ 7:3 ಕೊಡಬೇಕು. ಅಮೋನಿಯಾದಲ್ಲಿ ಗ್ಲುಟಮೇಟಿನ ಎರಡೂ ಆಸಿಡ್ ಗುಂಪುಗಳಿಗೆ ಚಾರ್ಜ್ ಬರುತ್ತದೆ, ಅದು ಸಿಲಿಕಾ ಬಿಟ್ಟು ಏಳುವುದಿಲ್ಲ. ಗಾಬಾಗೆ ಅಂಥ ಗುಂಪು ಒಂದೇ, ಅದು ಮೇಲೆ ಹೋಗುತ್ತದೆ. ಪುಸ್ತಕದಲ್ಲಿ ಎಷ್ಟು ಸುಲಭ ಅಲ್ವಾ?

ಅಮೈನೋ ಆಸಿಡ್ ಇರುವಲ್ಲಿ ನೇರಳೆ ಬಣ್ಣ ಮೂಡಿಸುವ ನಿನ್‌ಹೈಡ್ರಿನ್ ಸ್ಪ್ರೇ ಮಾಡಿ ಬಿಸಿ ಮಾಡಿದರೆ ಇಡೀ ಪ್ಲೇಟ್ ಜಂಬುನೇರಳೆ ತಿಂದ ನಾಲಿಗೆ! ಮೊದಲು ಸಪ್ಲೈಯರ್ ಮೇಲೆ ಅನುಮಾನ ಬಂತು. ಅನುಮಾನಕ್ಕೆ ಕಾರಣವೂ ಇತ್ತು. ಜಿಎಸ್‌ಟಿ ನಂಬರ್ ಇಲ್ಲದವರಿಗೆ ನೂರು ಪ್ರಶ್ನೆ, ಕಾಲೇಜಿನ ಲೆಟರ್‌ಹೆಡ್ ಬೇಕು ಅಂತ ಹಟ. ಇಷ್ಟಾದ ಮೇಲೆ ಬಸ್ಸಿನ ಪಾರ್ಸೆಲ್‌ನಲ್ಲಿ ಬಂದ ಪ್ಲೇಟುಗಳ ಮೂಲೆಯೆಲ್ಲ ಉದುರಿದ್ದವು. ಆದರೆ ಈ ಸಲ ಪಾಪ, ಅವರದು ತಪ್ಪಲ್ಲ. ಏನೂ ಹಾಕದ ಖಾಲಿ ಪ್ಲೇಟನ್ನು ಬ್ಯುಟನಾಲಿನಲ್ಲಿ ಮಾತ್ರ ಓಡಿಸಿದರೆ ಬೆಳ್ಳಗೇ ಇತ್ತು. ಎರಡರಲ್ಲೂ ಓಡಿಸಿದರೆ ಮತ್ತೆ ನೇರಳೆ.

ನಿನ್‌ಹೈಡ್ರಿನ್‌ಗೆ ಅಮೋನಿಯಾ ಸಿಕ್ಕರೂ ಅದೇ ಬಣ್ಣ ಬರುತ್ತದೆ. ಮೊದಲ ಓಟದ ಅಸೆಟಿಕ್ ಆಸಿಡ್ ಸಿಲಿಕಾದಲ್ಲಿ ಉಳಿದಿರುತ್ತದೆ. ವಾಸನೆ ಹೋದರೂ ಅದು ಪೂರ್ತಿ ಹೋಗಿರುವುದಿಲ್ಲ. ಎರಡನೇ ಓಟದ ಅಮೋನಿಯಾವನ್ನು ಹಿಡಿದು ಅಮೋನಿಯಂ ಅಸಿಟೇಟ್ ಆಗಿ ಅಲ್ಲೇ ಕೂರುತ್ತದೆ. ಇದಕ್ಕೆ ಔಷಧ ಬಾಗಲಕೋಟೆಯ ಬೇಸಿಗೆಯೇ. ಎರಡು ಓಟಗಳ ನಡುವೆ ಮಾಳಿಗೆಯ ನೆರಳಿನಲ್ಲಿ ಇಡೀ ಮಧ್ಯಾಹ್ನ, ಜೊತೆಗೆ ಟೇಬಲ್ ಫ್ಯಾನ್. ಎರಡನೇ ಓಟ ಆದ ಮೇಲೆ ಮತ್ತೆ ಗಾಳಿ, ಆಮೇಲೆ ಸ್ಪ್ರೇಗೆ ಮುಂಚೆಯೇ ಓವನ್‌ನಲ್ಲಿ 100 ಡಿಗ್ರಿ. ಆಗ ಹಿನ್ನೆಲೆ ಬೆಳ್ಳಗೆ ಬಂತು, ಗಾಬಾ ಬೇರೆಯಾಯಿತು.

1950ರಲ್ಲಿ ಯೂಜೀನ್ ರಾಬರ್ಟ್ಸ್ ಮತ್ತು ಸ್ಯಾಮ್ ಫ್ರಾಂಕೆಲ್ ಇಲಿಯ ಮಿದುಳಿನಲ್ಲಿ ಗಾಬಾ ಕಂಡದ್ದೂ ಹೀಗೇ, ಎರಡು ದಿಕ್ಕಿನ ಪೇಪರ್ ಕ್ರೊಮಟೋಗ್ರಫಿಯಲ್ಲಿ. ಆದರೆ ಚುಕ್ಕೆ ಕಂಡ ಮಾತ್ರಕ್ಕೆ ಅದು ನರಗಳ ಸಂದೇಶವಾಹಕ ಅಂತ ಆಗಲಿಲ್ಲ. ಅರ್ನ್ಸ್ಟ್ ಫ್ಲೋರಿ ಮಿದುಳಿನಿಂದ ತೆಗೆದ, ನರಗಳನ್ನು ತಡೆಯುವ 'ಫ್ಯಾಕ್ಟರ್ ಐ' ಎಂಬ ರಸದಲ್ಲಿ ಕೆಲಸ ಮಾಡುತ್ತಿದ್ದುದು ಗಾಬಾನೇ ಅಂತ ತಿಳಿದದ್ದು 1957ರಲ್ಲಿ. ನಂತರವೂ ವರ್ಷಗಟ್ಟಲೆ ವಾದ ನಡೆಯಿತು.

ಇನ್ನೊಂದು ಸಂದೇಶವಾಹಕ ಅಸಿಟೈಲ್‌ಕೋಲೀನ್ ಯಾಕೆ ಕಾಣಲಿಲ್ಲ ಅಂತ ಕೇಳಬೇಡಿ. ಅದರಲ್ಲಿ ನಿನ್‌ಹೈಡ್ರಿನ್ ಹಿಡಿಯುವಂಥ ಅಮೈನ್ ಇಲ್ಲ. ಮತ್ತೊಂದು ಸಂದೇಶವಾಹಕ ಡೋಪಮಿನ್ ಮಾತ್ರ ತಲೆಯಲ್ಲಿ ಕೊರೆಯುತ್ತಿದೆ. ಬಾಳೆಹಣ್ಣಿನ ಸಿಪ್ಪೆಯಲ್ಲಿ ಅದು ಜಾಸ್ತಿ ಇರುತ್ತದೆ. ಫಾರ್ಮಾಲ್ಡಿಹೈಡ್ ಆವಿ ಹಿಡಿಸಿದರೆ ಯುವಿ ಬೆಳಕಿನಲ್ಲಿ ಹಸಿರಾಗಿ ಹೊಳೆಯಬೇಕು. 1962ರಲ್ಲಿ ಫಾಲ್ಕ್ ಮತ್ತು ಹಿಲಾರ್ಪ್ ಮಿದುಳಿನ ನರಕೋಶಗಳನ್ನೇ ಹೀಗೆ ಬೆಳಗಿಸಿದ್ದರು. ಯುವಿ ಟಾರ್ಚ್ ಬಂದಿದೆ. ಫಾರ್ಮಾಲ್ಡಿಹೈಡ್ ಮನೆಯೊಳಗೆ ಬರಬಾರದು ಅಂತ ಅಪ್ಪಣೆಯಾಗಿದೆ. ಅಪ್ಪಣೆ ಸರಿಯಾಗಿಯೇ ಇದೆ, ಅದು ವಿಷ. ಆವಿಯನ್ನು ಹೊರಗೆ ಎಳೆದು ಹಾಕುವ ಫ್ಯೂಮ್ ಹುಡ್ ಕಟ್ಟುವ ತನಕ ಸಿಪ್ಪೆ ಕಾಯಲಿ.

ಮತ್ತೆ ಗಾಬಾಗೆ ಬರೋಣ. ಅದೇ ರಸಕ್ಕೆ ಕ್ಯಾಪ್ಸೂಲಿನ ಗಾಬಾ ಒಂದಿಷ್ಟು ಬೆರೆಸಿ ಓಡಿಸಿದೆ. ಹೊಸ ಚುಕ್ಕೆ ಮೂಡಲಿಲ್ಲ, ಹಳೆಯದೇ ಗಾಢವಾಯಿತು. ಅಂದರೆ ಆ ಚುಕ್ಕೆ ಗಾಬಾನೇ. ಎಷ್ಟಿದೆ ಅಂತ ಅಳೆಯಲು ಮಾತ್ರ ಹೋಗುವುದಿಲ್ಲ. ಪ್ರಾಣಿ ಸತ್ತ ಮೇಲೂ ಎನ್‌ಜೈಮ್ ಗ್ಲುಟಮೇಟನ್ನು ಗಾಬಾ ಮಾಡುತ್ತಲೇ ಇರುತ್ತದೆ. ಕೆಲವೇ ನಿಮಿಷಗಳಲ್ಲಿ ಲೆಕ್ಕ ಏರುತ್ತದೆ. ಅಂಗಡಿಯಿಂದ ಐಸ್ ಡಬ್ಬಿಯಲ್ಲಿ ತಂದರೂ ಆ ಹೊತ್ತಿಗೆ ಕೆಲಸ ಮುಗಿದಿರುತ್ತದೆ. ಅಳೆಯಬೇಕು ಅಂದರೆ ಮಿದುಳನ್ನು ತಕ್ಷಣ ಹೆಪ್ಪುಗಟ್ಟಿಸಲು ಲಿಕ್ವಿಡ್ ನೈಟ್ರೋಜನ್ ಬೇಕು, ಅದಕ್ಕೆ ಆ ಸಪ್ಲೈಯರ್ ಇನ್ನೆಷ್ಟು ಲೆಟರ್‌ಹೆಡ್ ಕೇಳುತ್ತಾರೋ!