ಡಬ್ಬಿ ಮೇಲಿನ ಡೇಟ್ ಬಿಡಿ, ಮುಚ್ಚಳದ ಕೆಳಗಿರೋ ಯೀಸ್ಟ್ ನೋಡಿ

ನಾನಿರೋ ಇಂಗ್ಲೆಂಡಲ್ಲಿ ಮನೇಲಿ ಬಿಯರ್ ಮಾಡೋದಕ್ಕೆ ಯಾರ ಪರ್ಮಿಷನ್ನೂ ಬೇಡ, 1963ರಲ್ಲೇ ಲೈಸೆನ್ಸ್ ತೆಗೆದುಹಾಕಿದ್ರು. ಒಂದು ಕಾಲದಲ್ಲಿ ಬೂಟ್ಸ್ ಥರ ಔಷಧಿ ಅಂಗಡೀಲೂ ಬಿಯರ್ ಕಿಟ್, ಅಂದ್ರೆ ಮನೇಲಿ ಬಿಯರ್ ಮಾಡೋಕೆ ಬೇಕಾದ ಪಾಕದ ಡಬ್ಬಿ ಮತ್ತೆ ಯೀಸ್ಟು, ಸಿಗ್ತಿತ್ತಂತೆ. ನಮ್ಮ ಕಾಲಕ್ಕೆ ವಿಲ್ಕೋ ಅನ್ನೋ ಮನೆ ಸಾಮಾನಿನ ಅಂಗಡಿ ಇತ್ತು, ಬಕೆಟ್ಟು ಪೊರಕೆ ತರೋಕೆ ಹೋದ್ರೆ ಅಲ್ಲೇ ಪಕ್ಕದ ಶೆಲ್ಫಲ್ಲಿ ಬಿಯರ್ ಕಿಟ್ಟೂ ಇರ್ತಿತ್ತು, ಜನ ತಗೊಂಡು ಹೋಗ್ತಾ ಇದ್ರು, ಸ್ಟಾಕ್ ಓಡ್ತಾ ಇತ್ತು. 2023ರಲ್ಲಿ ಅದು ಮುಳುಗಿದ ಮೇಲೆ ಅಂಗಡಿಗೆ ಹೋಗಿ ಕಿಟ್ ತಗೋಬೇಕು ಅಂದ್ರೆ ನಮ್ಮೂರಲ್ಲಿ ಉಳಿದಿರೋದು ಯಾವುದೋ ಹಾರ್ಡ್‌ವೇರ್ ಅಂಗಡಿ, ಗಾರ್ಡನ್ ಸೆಂಟರಿನ ಮೂಲೆ, ಇಲ್ಲಾ ಅಂದ್ರೆ ದೂರದ ಹೋಮ್‌ಬ್ರೂ ಅಂಗಡಿ. ಇಲ್ಲೆಲ್ಲಾ ಡಬ್ಬಿಗಳು ಧೂಳು ಹಿಡ್ಕೊಂಡು ಕೂತಿರ್ತವೆ, ಕೆಲವು ಕಡೆ ಹೀಟರ್ ಪಕ್ಕದಲ್ಲೇ.

ಮೊನ್ನೆ ಹಾಗೇ ಒಂದು ಅಂಗಡೀಲಿ ಅರ್ಧ ಬೆಲೆ ಅಂತ ಹಳದಿ ಸ್ಟಿಕ್ಕರ್ ಅಂಟಿಸಿ ಕಿಟ್ ಇಟ್ಟಿದ್ರು. ಎತ್ತಿ ನೋಡಿದ್ರೆ ಸ್ಟಿಕ್ಕರ್ ಕರೆಕ್ಟಾಗಿ ಡೇಟ್ ಮೇಲೇ ಕೂತಿದೆ! ಉಗುರಲ್ಲಿ ಕೆರೆದು ನೋಡಿದೆ, ಬೆಸ್ಟ್ ಬಿಫೋರ್ ಮುಗಿದು ವರ್ಷ ಆಗಿದೆ. ಕೌಂಟರ್ ಹುಡುಗನ್ನ ಕೇಳಿದ್ರೆ 'ಅದು ಬೆಸ್ಟ್ ಬಿಫೋರ್ ಅಷ್ಟೇ, ಮಾರಬಹುದು' ಅಂದ. ಅವನು ಹೇಳಿದ್ದು ಸರಿ ಕಣ್ರಿ. ಇಲ್ಲಿ ಯೂಸ್ ಬೈ ದಾಟಿದ್ದನ್ನ ಮಾರೋ ಹಾಗಿಲ್ಲ, ಬೆಸ್ಟ್ ಬಿಫೋರ್ ದಾಟಿದ್ದನ್ನ ತಿನ್ನೋಕೆ ಯೋಗ್ಯವಾಗಿದ್ರೆ ಮಾರಬಹುದು. ಮಾರ್ಲಿ, ನನ್ನ ತಕರಾರು ಅದಲ್ಲ, ಡೇಟ್ ಯಾಕೆ ಮುಚ್ಚಬೇಕು ಅನ್ನೋದು. ಸ್ಟಿಕ್ಕರ್ ಒಂದಿಂಚು ಪಕ್ಕಕ್ಕೆ ಅಂಟಿಸಿದ್ರೆ ಗಂಟೇನು ಹೋಗುತ್ತೆ?

ಹಾಗಂತ ಹಳೇ ಡಬ್ಬಿ ಅಂದ್ರೆ ವಿಷ ಅನ್ನೋ ಥರ ಹೆದರೋದೂ ಬೇಡ. ಡಬ್ಬಿ ಒಳಗಿರೋದು ಮಾಲ್ಟ್ ಎಕ್ಸ್‌ಟ್ರಾಕ್ಟ್, ಅಂದ್ರೆ ಮೊಳಕೆ ಬರಿಸಿದ ಬಾರ್ಲಿಯಿಂದ ತೆಗೆದು ಬತ್ತಿಸಿದ ಪಾಕ, ನಮ್ಮ ಜೋನಿಬೆಲ್ಲ ಇದ್ದ ಹಾಗೆ. ಸಕ್ಕರೆ ಅಷ್ಟು ದಟ್ಟವಾಗಿದ್ದು ನೀರು ಕಮ್ಮಿ ಇದ್ರೆ ಕ್ರಿಮಿಗಳಿಗೆ ಅಲ್ಲಿ ಬದುಕೋಕೆ ಕಷ್ಟ. ಆದ್ರೆ ಡಬ್ಬಿ ಉಬ್ಬಿದ್ರೆ, ತಗಡಿನ ಅಂಚು ಕೂಡಿಸಿದ ಕಡೆ ತುಕ್ಕು ಹಿಡಿದ್ರೆ ಅಥವಾ ಸೋರ್ತಾ ಇದ್ರೆ ಪುಕ್ಕಟೆ ಕೊಟ್ರೂ ತರಬೇಡಿ. ಚೆನ್ನಾಗಿರೋ ಡಬ್ಬೀಲೂ ಕಾಲ ಕಳೆದ ಹಾಗೆ ಪಾಕ ಕಪ್ಪಾಗ್ತಾ ಹೋಗುತ್ತೆ, ಮೇಲಾರ್ಡ್ ರಿಯಾಕ್ಷನ್ ಅಂತಾರಲ್ಲ, ಸಕ್ಕರೆ ಮತ್ತು ಅಮೈನೋ ಆಸಿಡ್ ಸೇರಿ ಬಣ್ಣ ಬರೋದು, ಬ್ರೆಡ್ ಟೋಸ್ಟ್ ಮಾಡಿದಾಗ ಬೇಗ ಆಗೋದು ಇಲ್ಲಿ ನಿಧಾನಕ್ಕೆ ಆಗುತ್ತೆ, ಬಿಸಿ ಜಾಗದಲ್ಲಿಟ್ರೆ ಇನ್ನೂ ಬೇಗ. ಲಾಗರ್, ಅಂದ್ರೆ ತಿಳಿ ಬಣ್ಣದ ಬಿಯರ್, ಅಂತ ತಂದಿದ್ದು ಅಂಬರ್ ಬಣ್ಣಕ್ಕೆ ಬರುತ್ತೆ, ಕುಡಿದ್ರೆ ನಾಲಿಗೆ ಕೊನೇಲಿ ಒಂಥರಾ ಸೀದ ಸಿಹಿ, ಹಾಪ್ಸ್ (ಬಿಯರಿಗೆ ಕಹಿ, ಪರಿಮಳ ಕೊಡೋ ಒಂದು ಬಳ್ಳಿಯ ಹೂ) ಕಹೀನೂ ಸ್ವಲ್ಪ ಇಳಿದಿರುತ್ತೆ. ಹಾಗಾಗಿ ಹಳೇ ಡಬ್ಬಿ ಸಿಕ್ರೆ ಸ್ಟೌಟ್ ಅಥವಾ ಡಾರ್ಕ್ ಏಲ್ ತಗೊಳ್ಳಿ, ಮೊದಲೇ ಕರ್ರಗಿರೋದು, ವ್ಯತ್ಯಾಸ ಜಾಸ್ತಿ ಗೊತ್ತಾಗಲ್ಲ. ಲಾಗರ್ ಬೇಡ.

ಅಸಲಿ ಸಮಸ್ಯೆ ಇರೋದು ಪ್ಲಾಸ್ಟಿಕ್ ಮುಚ್ಚಳದ ಕೆಳಗೆ. ಅಲ್ಲಿ ಐದಾರು ಗ್ರಾಂದು, ಕೂಪರ್ಸ್ ಕಂಪನಿ ಕಿಟ್ ಆದ್ರೆ 7 ಗ್ರಾಂದು, ಒಂದು ಪುಟ್ಟ ಯೀಸ್ಟ್ ಪ್ಯಾಕೆಟ್ ಇರುತ್ತೆ. 23 ಲೀಟರ್, ಇವರ ಲೆಕ್ಕದಲ್ಲಿ 40 ಪೈಂಟು, ಅಷ್ಟನ್ನೂ ಹುದುಗಿಸೋ ಕೆಲಸ ಅದರದ್ದು. ಮಾಲ್ಟ್ ಸತ್ತಿರೋ ಪದಾರ್ಥ, ಯೀಸ್ಟ್ ಜೀವ ಇರೋದು. ಒಣ ಯೀಸ್ಟನ್ನ ಫ್ರಿಜ್ಜಲ್ಲಿಟ್ರೆ ಬಹಳ ದಿನ ತಡೆಯುತ್ತೆ, ಆದ್ರೆ ಇಲ್ಲಿ ಅದು ಡಬ್ಬಿ ಜೊತೆಗೇ ಲಾರೀಲಿ ಗೋಡೌನಲ್ಲಿ ಹೀಟರ್ ಪಕ್ಕದ ಶೆಲ್ಫಲ್ಲಿ ಬೇಸಿಗೆ ಚಳಿ ಎಲ್ಲಾ ಕಳೆದು ಬಂದಿರುತ್ತೆ, ಅಷ್ಟರಲ್ಲಿ ಎಷ್ಟು ಸತ್ತಿದೆ ಎಷ್ಟು ಉಳಿದಿದೆ ಅಂತ ಹೊರಗಿಂದ ನೋಡಿದ್ರೆ ಯಾರಿಗೂ ಗೊತ್ತಾಗಲ್ಲ. ಕಮ್ಮಿ ಯೀಸ್ಟ್ ಬಿದ್ರೆ ಶುರು ಆಗೋದೇ ಲೇಟು, ಆ ಗ್ಯಾಪಲ್ಲಿ ಬೇರೆ ಬ್ಯಾಕ್ಟೀರಿಯಾ ಬಂದು ಕೂರಬಹುದು, ಇಲ್ಲಾ ಅರ್ಧ ದಾರೀಲಿ ನಿಂತುಬಿಡುತ್ತೆ. ಹೈಡ್ರೋಮೀಟರ್ (ಇನ್ನೂ ಎಷ್ಟು ಸಕ್ಕರೆ ಉಳಿದಿದೆ ಅಂತ ತೋರಿಸೋ, ತೇಲೋ ಅಳತೆ ಕಡ್ಡಿ) 1.010 ಹತ್ರ ಇಳಿಬೇಕಾದ್ದು 1.020ರಲ್ಲೇ ಕೂತಿರುತ್ತೆ. ಅದು ಮುಗೀತು ಅಂದ್ಕೊಂಡು ಬಾಟಲ್ ತುಂಬಿಸಿದ್ರೆ ಆಮೇಲೆ ಒಳಗೇ ಮತ್ತೆ ಹುದುಗೋಕೆ ಶುರುವಾಗಿ ಬಾಟಲ್ ಸಿಡಿಯುತ್ತೆ, ಇದು ತಮಾಷೆ ಅಲ್ಲ, ಗಾಜು.

ಇನ್ನೊಂದು ವಿಷ್ಯ, ಯೀಸ್ಟ್ ಪ್ಯಾಕೆಟ್ ಮೇಲೆ ತಾರೀಕು ಇರೋದೂ ಉಂಟು, ಬರೀ ನಂಬರ್ ಇರೋದೂ ಉಂಟು. ಐದಂಕಿ ನಂಬರ್ ಇದ್ರೆ ಕೆಲವು ಕಂಪನಿಗಳದ್ದು ವರ್ಷದ ಎಷ್ಟನೇ ದಿನ, ಯಾವ ವರ್ಷ ಅನ್ನೋ ಲೆಕ್ಕ, 03722 ಅಂದ್ರೆ 2022ರ 37ನೇ ದಿನ, ಫೆಬ್ರವರಿ 6. ಗಿರಾಕಿ ಇದನ್ನ ಹೇಗ್ರೀ ಕಂಡುಹಿಡೀಬೇಕು?

ಡೌಟ್ ಇದ್ರೆ ಟೆಸ್ಟ್ ಮಾಡಿ. ಕಾಯಿಸಿ ಆರಿಸಿದ ನೀರು, ಕೈಗೆ ಉಗುರುಬೆಚ್ಚಗೆ ಅನ್ನಿಸೋ ಅಷ್ಟು, ಅರ್ಧ ಲೋಟ, ಒಂಚೂರು ಸಕ್ಕರೆ, ಮೇಲೆ ಯೀಸ್ಟ್ ಉದುರಿಸಿ ಬಿಡಿ. ಜೀವ ಇದ್ರೆ ಅರ್ಧ ಮುಕ್ಕಾಲು ಗಂಟೇಲಿ ಕೆನೆ ಥರ ನೊರೆ ಏಳುತ್ತೆ, ಬ್ರೆಡ್ ವಾಸನೆ ಬರುತ್ತೆ. ಕಂದು ಕೆಸರಾಗಿ ತಳದಲ್ಲಿ ಕೂತ್ರೆ ಸಿಂಕಿಗೆ ಸುರೀರಿ. ನಾನಂತೂ ಹಳೇ ಕಿಟ್ ತಂದ್ರೆ ಟೆಸ್ಟೂ ಮಾಡೋಕೆ ಹೋಗಲ್ಲ, 11 ಗ್ರಾಂ ನಾಟಿಂಗ್‌ಹ್ಯಾಮ್ ಪ್ಯಾಕೆಟ್ಟೋ ಎಸ್-04ಓ, ಎರಡೂ ಬಿಯರ್ ಯೀಸ್ಟೇ, ಬೇರೆ ತಂದು ಹಾಕ್ತೀನಿ, ಕೆಲವೇ ಪೌಂಡಿನ ಮಾತು. ಅರ್ಧ ಬೆಲೆ ಡಬ್ಬಿ ಪ್ಲಸ್ ಹೊಸ ಯೀಸ್ಟ್, ಆಗ್ಲೂ ಲಾಭಾನೇ.

ಬಿಡಿಯಾಗಿ ತಗೊಳ್ಳೋ ಹಾಪ್ಸ್ ವಿಷಯಕ್ಕೆ ಬಂದ್ರೆ ಮಾತ್ರ ನಾನು ಜುಗ್ಗ ಅಲ್ಲ. ಟ್ರಾನ್ಸ್‌ಪರೆಂಟ್ ಕವರಲ್ಲಿ ಕಿಟಕಿ ಹತ್ರ ನೇತುಹಾಕಿರ್ತಾರಲ್ಲ, ಅದನ್ನ ಮುಟ್ಟಲೇಬೇಡಿ. ಗಾಳಿ, ಬಿಸಿ, ಬೆಳಕು ಮೂರೂ ಅದಕ್ಕೆ ಆಗಲ್ಲ. ಗಾಳಿ ತೆಗೆದು ಸೀಲ್ ಮಾಡಿದ ಫಾಯಿಲ್ ಕವರಲ್ಲಿ, ಫ್ರಿಜ್ಜಲ್ಲಿಟ್ಟು ಮಾರೋ ಅಂಗಡಿ ಹುಡುಕಿ. ಹಳೇ ಹಾಪ್ಸ್ ಕವರ್ ಒಂದ್ಸಲ ನಮ್ಮ ಕಿಚನ್ನಲ್ಲಿ ಓಪನ್ ಮಾಡಿದಾಗ ಲಿವಿಂಗ್ ರೂಮಲ್ಲಿ ಕೂತಿದ್ದ ಹೆಂಡತಿ 'ರೀ, ಯಾರ ಸಾಕ್ಸು ಅದು?' ಅಂತ ಕೂಗಿದ್ಲು. ತಪ್ಪೇನಿಲ್ಲ, ಹಾಪ್ಸ್ ಕೆಟ್ಟಾಗ ಬರೋ ಐಸೋವ್ಯಾಲೆರಿಕ್ ಆಸಿಡ್ಡೂ ಬೆವರಿದ ಕಾಲಿನ ವಾಸನೇದೂ ಒಂದೇ.

ಪಾಕದ ಬದಲು ಒಡೆದ ಮಾಲ್ಟ್, ಅಂದ್ರೆ ಆ ಮೊಳಕೆ ಬಾರ್ಲಿನೇ, ತಗೊಳ್ಳೋದಾದ್ರೆ ಎರಡು ಕಾಳು ಬಾಯಿಗೆ ಹಾಕ್ಕೊಳ್ಳಿ, ಕರುಂ ಅನ್ನಬೇಕು. ಮೆತ್ತಗಾಗಿದ್ರೆ ತೇವ ಎಳ್ಕೊಂಡಿದೆ ಅಂತ ಅರ್ಥ, ವಾಪಸ್ ಇಡಿ. ಕ್ರಿಮಿ ತಡೆಯೋಕೆ ಹಾಕೋ ಕ್ಯಾಂಪ್ಡೆನ್ ಮಾತ್ರೆ ಕೂಡ ಡಬ್ಬ ತೆಗೆದು ವರ್ಷ ಆಗಿದ್ರೆ ಪವರ್ ಕಮ್ಮಿ.

ಬೆಂಗಳೂರಿನ ಫ್ರೆಂಡ್ಸು 'ಬರೋವಾಗ ಒಂದು ಕಿಟ್ ತಗೊಂಬಾರೋ ಮಗಾ' ಅಂತಾರೆ. ತರಲ್ಲ ಕಣ್ರಪ್ಪಾ. ಲೈಸೆನ್ಸ್ ಇಲ್ದೆ ಮನೇಲಿ ಮದ್ಯ ಮಾಡೋದಕ್ಕೆ 1965ರ ಕರ್ನಾಟಕ ಅಬಕಾರಿ ಕಾಯ್ದೆ ಬಿಡಲ್ಲ, ಬೇಕಾದ್ರೆ ಬ್ರೂಪಬ್‌ಗೆ ಹೋಗಿ ಕುಡೀರಿ.

ಆ ಹಳದಿ ಸ್ಟಿಕ್ಕರ್ ಡಬ್ಬಿ ತಂದ್ನಾ ಅಂತ ಕೇಳ್ತೀರೇನೋ. ಅದು ಲಾಗರ್, ಅಲ್ಲೇ ಬಿಟ್ಟೆ. ಅದರ ಹಿಂದೆ ಒಂದು ಸ್ಟೌಟ್ ಇತ್ತು, ಅದನ್ನ ಇನ್ನೂ ಒಂದು ಪೌಂಡ್ ಚೌಕಾಸಿ ಮಾಡಿ ತಂದಿದೀನಿ.